ಹಳೆಯ ನಾಣ್ಯವನ್ನು ಬೆಳಗಬಾರದೇಕೆ?

ತಾಮ್ರದ ಚೊಂಬನ್ನು ನಾವು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತೇವೆ. ಹಳೆಯ ನಾಣ್ಯಕ್ಕೂ ಹೀಗೆಯೇ ಮಾಡಿದರೆ ಅದರ ಬೆಲೆ ಕುಸಿಯುತ್ತದೆ. ಏಕೆ?

ಅಮೆರಿಕದ ಫಿಲಡೆಲ್ಫಿಯ ಟಂಕಸಾಲೆಯಲ್ಲಿ 1793ರಿಂದ 1857ರವರೆಗೆ ದೊಡ್ಡ ತಾಮ್ರದ ಸೆಂಟುಗಳು ತಯಾರಾದವು. ಮೊದಲ ವರ್ಷ ಅಚ್ಚಾದ ಸರಪಣಿ ಚಿತ್ರದ ಸೆಂಟುಗಳು ಸುಮಾರು 36,000 ಮಾತ್ರ. ಸಂಗ್ರಾಹಕರು ವಿರಳತೆ, ಅಚ್ಚಿನ ಭೇದ, ಸವೆತ, ಮೇಲ್ಮೈ ಇವುಗಳನ್ನು ಪರಿಶೀಲಿಸಿ ಬೆಲೆಕಟ್ಟುತ್ತಾರೆ. 1949ರಲ್ಲಿ ವಿಲಿಯಂ ಶೆಲ್ಡನ್ನರು ಈ ಸೆಂಟುಗಳ ಸ್ಥಿತಿಯನ್ನಳೆಯಲು 1ರಿಂದ 70ರವರೆಗಿನ ಮಾನವೊಂದನ್ನು ಪ್ರಕಟಿಸಿದರು.

ತಾಮ್ರವು ಗಾಳಿಯ ಆಮ್ಲಜನಕದೊಡನೆ ಸಂಯೋಗಗೊಂಡು ಕಂದು ಪದರವುಂಟಾಗುತ್ತದೆ. ಒಳಗಿನ ಲೋಹಕ್ಕೆ ಅದು ಹೊದಿಕೆಯಂತಿರುತ್ತದೆ. ಹುಣಸೆಯ ಆಮ್ಲವು ಅದನ್ನು ಕರಗಿಸುತ್ತದೆ. ತಿಕ್ಕಿದರೆ ಅಚ್ಚಿನ ಸೂಕ್ಷ್ಮ ಗೆರೆಗಳೂ ಸವೆಯುತ್ತವೆ. ಹೊಳಪನ್ನು ಕಂಡು ನಾವು ಹಿಗ್ಗಬಹುದು. ಆದರೆ ತಲೆಮಾರುಗಳ ಕಾಲ ಮೂಡಿದ ಆ ಬಣ್ಣವನ್ನು ಮರಳಿ ತರಲಾರೆವು.