ಶ್ರಾವಕನ ವಾಹನ ನಿಯಮ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ತ್ಯಾಗವನ್ನು ಯಮ, ನಿಯಮ ಎಂದು ಎರಡಾಗಿ ವಿಭಾಗಿಸಿರುತ್ತಾರೆ. ಜೀವನಪರ್ಯಂತ ಬಿಡುವುದು ಯಮ. ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ನಿಯಮಕ್ಕೆ ವಿಷಯವಾದ ವಸ್ತುಗಳನ್ನು ಎಣಿಸುವಲ್ಲಿ ಭೋಜನದ ಬೆನ್ನಿಗೇ ವಾಹನದ ಹೆಸರು ಬರುತ್ತದೆ. ಜೈನ ಮನೆಗಳಲ್ಲಿ ಭೋಜನದ ನಿಯಮಗಳು ಇಂದಿಗೂ ಉಳಿದಿವೆ. ವಾಹನದ ನಿಯಮವನ್ನು ಕೇಳುವವರೇ ವಿರಳ.

ಆಚಾರ್ಯರ ಕಾಲದ ವಾಹನ ಹುಲ್ಲು ತಿನ್ನುತ್ತಿತ್ತು; ಇಂದಿನ ಕಾರು ಅಗ್ನಿಯನ್ನು ಉಣ್ಣುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಂಧನಕ್ಕಿಂತ ಹೊಗೆಯ ತೂಕ ಹೆಚ್ಚಾದುದು ಹೇಗೆಂದು ಬಾಲಕರು ಕೇಳುವುದುಂಟು. ಉರಿಯುವಾಗ ಪೆಟ್ರೋಲಿನ ಇಂಗಾಲವು ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುವುದೇ ಇದಕ್ಕೆ ಕಾರಣ. ಅಗ್ನಿಕಾಯಿಕ, ವಾಯುಕಾಯಿಕ ಜೀವಗಳ ವಿಚಾರವನ್ನು ಪಾಠಶಾಲೆಯಲ್ಲಿ ಕಲಿತವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಉದ್ಯೋಗಕ್ಕಾಗಿ, ರೋಗಿಗಾಗಿ, ವೃದ್ಧರ ಜಿನದರ್ಶನಕ್ಕಾಗಿ ಕಾರು ಹೊರಡುವುದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭ. ಮೊಣಕಾಲು ನೋವಿನ ತಾಯಿಯನ್ನು ನಡೆಸಿಕೊಂಡು ಹೋಗಿ ನಿಯಮ ಪಾಲಿಸಿದೆನೆನ್ನುವುದು ಧರ್ಮವಲ್ಲ. ಆದರೆ ನಿಷ್ಪ್ರಯೋಜನವಾಗಿ ತಿರುಗುವುದನ್ನೂ, ಇತರರನ್ನು ತಿರುಗಿಸುವುದನ್ನೂ ಅದೇ ಗ್ರಂಥವು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಮರೆತ ಒಂದು ತೆಂಗಿನಕಾಯಿಗಾಗಿ ಮತ್ತೊಮ್ಮೆ ಪೇಟೆಗೆ ಕಾರು ಓಡಿಸುವುದು, ಸ್ನೇಹಿತನು ಮಾತು ಮುಗಿಸುವವರೆಗೆ ಎಂಜಿನ್ ನಿಲ್ಲಿಸದೆ ಕಾಯುವುದು ಇವೆಲ್ಲ ಇದರಲ್ಲಿ ಬರುತ್ತವೆ. ಅಷ್ಟಮಿಯ ಉಪವಾಸವನ್ನು ಕಟ್ಟುನಿಟ್ಟಾಗಿ ಮಾಡಿ, ಅದೇ ದಿನ ಅರ್ಧ ಮೈಲಿಯ ಬಸದಿಗೆ ಮೂರು ಸಲ ಕಾರಿನಲ್ಲಿ ಹೋಗಿಬರುವವರೂ ಇದ್ದಾರೆ! ಪ್ರೋಷಧದ ದಿನ ಆರಂಭವನ್ನೂ ಬಿಡಬೇಕೆಂಬುದು ಅವರಿಗೆ ನೆನಪಾಗುವುದಿಲ್ಲ.

ಲೆಕ್ಕವನ್ನು ನೋಡೋಣ. ಬಸದಿಯು ಮನೆಯಿಂದ 4 ಕಿಲೋಮೀಟರು ದೂರವಿದ್ದರೆ ಹೋಗಿಬರಲು 8, ತಿಂಗಳಿಗೆ 240. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ 16 ಲೀಟರು ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೆ 1,600 ರೂಪಾಯಿ. ಹೊಗೆಯ ಅನಿಲ ಸುಮಾರು 37 ಕಿಲೋಗ್ರಾಂ. ಎಂಜಿನ್ ಕಾಯುವುದರೊಳಗೆ ಮುಗಿಯುವ ಇಂಥ ಸಣ್ಣ ಓಟಗಳಲ್ಲಿ ಇಂಧನವು ಇನ್ನೂ ಹೆಚ್ಚು ವ್ಯಯವಾಗುತ್ತದೆ. ಒಂದೇ ಬೀದಿಯ ಎರಡು ಮನೆಯವರು ಒಂದು ಕಾರಿನಲ್ಲಿ ಹೋದರೆ ಒಂದು ಮನೆಯ ಪೂರ್ಣ ವೆಚ್ಚ ಉಳಿಯುವುದು. ಆಹಾರದಾನಕ್ಕೆ ಹಣವಿಲ್ಲವೆನ್ನುವವರು ಈ ಅಂಕಿಗಳನ್ನು ಗಮನಿಸಬಹುದು. ಬೆಂಗಳೂರಿನವರಿಗೆ ಶ್ರವಣಬೆಳಗೊಳದ ಯಾತ್ರೆಗೆ 2017ರಿಂದ ನೇರ ರೈಲುಮಾರ್ಗವೂ ಇದೆ.

ಓಡಿಸಲೇಬೇಕಾದಾಗ ಚಕ್ರಗಳ ಗಾಳಿ ಸರಿಯಿರಲಿ. ಗಾಳಿ ಕಡಿಮೆಯಾದ ಚಕ್ರವು ಇಂಧನವನ್ನೂ ತಿನ್ನುತ್ತದೆ, ತಾನೂ ಬೇಗ ಸವೆಯುತ್ತದೆ. ಬೇಡದ ಹೊರೆಯನ್ನು ಇಳಿಸಿಡಬೇಕು. ವೇಗದ ವಿಷಯವು ಇವೆರಡಕ್ಕಿಂತ ಮುಖ್ಯವಾದುದು. ವೇಗ ಏರಿದಂತೆ ಗಾಳಿಯ ತಡೆ ಬಹಳವಾಗಿ ಏರುವುದರಿಂದ ಹೆದ್ದಾರಿಯಲ್ಲಿ ಅವಸರಪಡುವವನು ಪೆಟ್ರೋಲನ್ನು ಚೆಲ್ಲುತ್ತಾನೆ. ಮುನಿಗಳು ಈರ್ಯಾಸಮಿತಿಯಿಂದ ಮುಂದಿನ ನಾಲ್ಕು ಹಸ್ತದ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ದಾಟುತ್ತದೆ; ನೋಡುವ ಮೊದಲೇ ನೆಲ ಮುಗಿದಿರುತ್ತದೆ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳುಗಳ ಗತಿಯನ್ನು ಬೆಳಗ್ಗೆ ಮುಂಗಾಜು ಒರೆಸುವವರು ಬಲ್ಲರು. ಆದುದರಿಂದ ಚಾತುರ್ಮಾಸದಲ್ಲಿ ರಾತ್ರಿ ಪ್ರಯಾಣದ ತ್ಯಾಗವು ಮೊದಲ ನಿಯಮವಾಗಿ ಯೋಗ್ಯವಾದುದು.

ಕೈಗೊಳ್ಳುವ ವಿಧಾನ ಸುಲಭ. ಅಷ್ಟಮಿ, ಚತುರ್ದಶಿಗಳಲ್ಲಿ ಕಾರನ್ನು ಬಿಡುವುದು. ಉಳಿದಂತೆ ಮಾಸಕ್ಕೆ ಇಷ್ಟು ಕಿಲೋಮೀಟರು ಎಂದು ಮಿತಿಯಿಡುವುದು. ಆಸ್ಪತ್ರೆಯ ಓಟವನ್ನು ಸಂಕಲ್ಪದಲ್ಲಿಯೇ ಹೊರತುಪಡಿಸಿರಬೇಕು. ಇಟ್ಟ ಮಿತಿಯನ್ನು ಮರೆಯುವುದು ದಿಗ್ವ್ರತದ ಐದು ಅತಿಚಾರಗಳಲ್ಲಿ ಒಂದು. ಆ ದೋಷ ತಗುಲದಂತೆ ಪ್ರತಿ ತಿಂಗಳ ಮೊದಲ ದಿನ ಕಾರಿನ ದೂರಮಾಪಕದ ಅಂಕಿಯನ್ನು ಸ್ವಾಧ್ಯಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು.