ಮೊಮ್ಮಗಳಿಗೆ ಚೆನ್ನಮ್ಮ ಎಂದು ಹೆಸರಿಡಬಹುದೆ?

ಪ್ರಶ್ನೆ: ಬರುವ ತಿಂಗಳು ಮೊಮ್ಮಗಳ ತೊಟ್ಟಿಲ ಕಾರ್ಯ. ತೀರಿಕೊಂಡ ನಮ್ಮತ್ತೆಯವರ ಹೆಸರು ಚೆನ್ನಮ್ಮ. ಅದನ್ನೇ ಇಡಬೇಕೆಂದು ನನಗಾಸೆ. ಮಗ, ಸೊಸೆ ಮಾತ್ರ ‘ಹಳೇ ಕಾಲದ ಹೆಸರು, ಶಾಲೆಯಲ್ಲಿ ನಗ್ತಾರೆ’ ಅನ್ನುತ್ತಾರೆ. ಇದರ ಅರ್ಥವೇನು? ಚನ್ನಮ್ಮ ಸರಿಯೋ, ಚೆನ್ನಮ್ಮ ಸರಿಯೋ?
– ಓದುಗರೊಬ್ಬರು, ಹಾವೇರಿ

ಉತ್ತರ: ಅಮ್ಮಾ, ನಿಮ್ಮ ಆಸೆ ಬಹಳ ಒಳ್ಳೆಯದು. ಚೆನ್ನು ಎಂದರೆ ಚೆಲುವು, ಸೊಗಸು. ಅಚ್ಚಗನ್ನಡದ ಮಾತು, ತೆಲುಗಿನಲ್ಲೂ ಉಂಟು. ಎದುರಾದವರನ್ನು ‘ಚೆನ್ನಾಗಿದ್ದೀರಾ’ ಎಂದು ಕೇಳುವಾಗ ನಮ್ಮ ಬಾಯಲ್ಲಿರುವುದು ಇದೇ. ದೇವರಿಗೂ ನಮ್ಮವರು ಇದನ್ನೇ ತೊಡಿಸಿದರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಬೇಲೂರಿನ ಗುಡಿಯ ಕೇಶವ ಚೆನ್ನಕೇಶವನಾದ, ಜನರ ಪ್ರೀತಿಯಲ್ಲಿ ಚೆನ್ನಿಗರಾಯನಾದ. ಅಕ್ಕಮಹಾದೇವಿಯ ವಚನಗಳ ಅಂಕಿತ ಚೆನ್ನಮಲ್ಲಿಕಾರ್ಜುನ.

ಚೆಲುವಿನ ಈ ಹೆಸರಿಗೆ ಧೈರ್ಯದ ನೆನಪು ಕೂಡಿಕೊಂಡದ್ದು ಇಬ್ಬರು ರಾಣಿಯರಿಂದ. ಕಿತ್ತೂರಿನವಳು ಎಲ್ಲರಿಗೂ ಗೊತ್ತು: ದತ್ತು ಮಗನ ಹಕ್ಕನ್ನು ಕಂಪನಿ ಸರ್ಕಾರ ಒಪ್ಪದಿದ್ದಾಗ 1824ರ ಅಕ್ಟೋಬರಿನಲ್ಲಿ ಕಾದಿದಳು, ಆ ಕಾಳಗದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅವಳ ಕೊನೆಯಾಯಿತು. ಅವಳಿಗಿಂತ ಒಂದೂವರೆ ಶತಮಾನ ಹಿಂದೆ ಕೆಳದಿಯನ್ನು ಆಳಿದ ಚೆನ್ನಮ್ಮನನ್ನು ನಾವು ನೆನೆಯುವುದು ಕಡಿಮೆ, ಅದು ನನಗೆ ನೋವಿನ ಸಂಗತಿ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಇಪ್ಪತ್ತೈದು ವರ್ಷದಷ್ಟು ಕಾಲ ರಾಜ್ಯ ನಡೆಸಿದಳು. ಮರಾಠ ದೊರೆ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ಅವನ ತಮ್ಮ ರಾಜಾರಾಮ ಜಿಂಜಿ ಕೋಟೆಯತ್ತ ಹೋಗುತ್ತ ಕೆಳದಿಗೆ ಓಡಿಬಂದ. ಅವನಿಗೆ ನೆಲೆ ಕೊಟ್ಟರೆ ಮೊಗಲರ ದಂಡು ಬಾಗಿಲಿಗೆ ಬರುತ್ತದೆಂದು ತಿಳಿದೇ ನೆಲೆ ಕೊಟ್ಟಳು. ದಂಡು ಬಂತು, ಎದುರಿಸಿದಳು. ಶಾಲೆಯಲ್ಲಿ ಯಾರಾದರೂ ನಕ್ಕರೆ ಈ ಕಥೆ ಹೇಳಲು ಮಗುವಿಗೆ ಕಲಿಸಿ.

ಬರಹದಲ್ಲಿ ಎರಡೂ ರೂಪ ನಡೆಯುತ್ತವೆ. ‘ಚೆನ್ನು’ ಮೂಲವಾದ್ದರಿಂದ ನಾನು ಚೆನ್ನಮ್ಮ ಎಂದೇ ಬರೆಯುತ್ತೇನೆ. ಜನನ ಪ್ರಮಾಣಪತ್ರ, ಆಧಾರ್ ಎರಡರಲ್ಲೂ ಇಂಗ್ಲಿಷ್ ಅಕ್ಷರಗಳು ಒಂದೇ ರೀತಿ ಇರಲಿ, ಮುಂದೆ ಅಲೆದಾಟ ತಪ್ಪುತ್ತದೆ.

ಇನ್ನೊಂದು ಮಾತು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದ ಸೊಸೆ ನೀವು. ಈಗ ಅದನ್ನು ಬಾಯ್ತುಂಬ ಕರೆಯುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ನಿಮ್ಮ ಸೊಸೆ ಒಪ್ಪದಿದ್ದರೆ ಒತ್ತಾಯ ಬೇಡ. ದಾಖಲೆಗೆ ಅವರಿಷ್ಟದ ಹೆಸರಿರಲಿ, ತೊಟ್ಟಿಲಲ್ಲಿ ಚೆನ್ನಮ್ಮ ಎಂದು ಕರೆಯಿರಿ. ಎರಡು ಹೆಸರಿಡುವ ರೂಢಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ.