ಬಿಚ್ಚಾಣಿಕೆ ಬಾಯ್ಲರಿಗೆ ಗಡಸು ನೀರಿನ ಕಾಟ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಬಯಲುಸೀಮೆಯ ಊರುಗಳಲ್ಲಿ ಆಸರೆಯೆಂದರೆ ಕೊಳವೆಬಾವಿ. ಈ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಬಹಳವಾಗಿ ಕರಗಿರುವುದುಂಟು. ಹಿಪ್ಪುನೇರಳೆ ಬೆಳೆದು ಗೂಡು ಮಾರುವಷ್ಟಕ್ಕೇ ನಿಲ್ಲದೆ, ಬಹುತುದಿ ಬಿಚ್ಚಾಣಿಕೆ ಘಟಕ ಹಾಕಿ ನೂಲನ್ನೂ ತೆಗೆಯೋಣವೆಂದು ಹೊರಡುವ ರೈತರು ಯಂತ್ರದ ಬೆಲೆ, ಗೂಡಿನ ಬೆಲೆ ವಿಚಾರಿಸುತ್ತಾರೆ. ಬಾಯ್ಲರಿಗೆ ಹಾಕುವ ನೀರನ್ನು ವಿಚಾರಿಸುವವರು ಕಡಿಮೆ. ಗೂಡು ಬೇಯಿಸಲೂ ತೊಟ್ಟಿಯ ನೀರು ಕಾಯಿಸಲೂ ಬೇಕಾದ ಹಬೆ ಬರುವುದು ಈ ಬಾಯ್ಲರಿನಿಂದಲೇ.

ಒಂದು ಲೆಕ್ಕ ನೋಡೋಣ. ದಿನಕ್ಕೆ 700 ಲೀಟರ್ ನೀರು ಬಾಯ್ಲರಿಗೆ ಹೋಗುತ್ತದೆ, ಅದರ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ 420 ಗ್ರಾಂ, 25 ದಿನಕ್ಕೆ ಹತ್ತೂವರೆ ಕಿಲೋ ಸುಣ್ಣದ ಅಂಶ ಒಳಹೊಕ್ಕಂತಾಯಿತು. ಹಬೆಯ ಜೊತೆ ಇದು ಹೊರಗೆ ಹೋಗುವುದಿಲ್ಲ. ಸ್ವಲ್ಪ ಕೆಸರಾಗಿ ತಳಕ್ಕಿಳಿದರೆ, ಉಳಿದದ್ದು ಬಿಸಿ ಕೊಳವೆಗಳ ಮೇಲೆ ಹಕ್ಕಳೆಯಾಗಿ ಕೂರುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಾಣುವ ಬಿಳಿ ಹೆಪ್ಪಿನ ಜಾತಿಯೇ ಇದು. ಹಕ್ಕಳೆ ಶಾಖವನ್ನು ಸರಿಯಾಗಿ ದಾಟಗೊಡದು. ಮೊದಲು ಸೌದೆ ಹೆಚ್ಚು ಬೇಕಾಗುತ್ತದೆ, ಹಬೆ ಏಳುವುದು ತಡವಾಗುತ್ತದೆ. ಆಮೇಲೆ ನೀರಿನ ತಂಪು ತಾಕದ ಕೊಳವೆ ಮಿತಿಮೀರಿ ಕಾದು ಉಬ್ಬುತ್ತದೆ, ಒಡೆಯಲೂಬಹುದು. ಆದಕಾರಣ ಸೌದೆಯ ಖರ್ಚು ಏರಿದಾಗ ಸೌದೆ ಹಸಿಯೆಂದು ದೂರುವ ಮೊದಲು ಬಾಯ್ಲರಿನ ಒಳಗನ್ನು ತೆರೆಸಿ ನೋಡಬೇಕು.

ತೆಗೆದ ಹಕ್ಕಳೆಯ ಚೂರಿನ ಮೇಲೆ ನಿಂಬೆರಸ ಹಿಂಡಿರಿ. ನೊರೆನೊರೆಯಾಗಿ ಗುಳ್ಳೆ ಎದ್ದರೆ ಅದು ಹೆಚ್ಚಾಗಿ ಸುಣ್ಣದ ಕಾರ್ಬೊನೇಟು. ಸುಮ್ಮನಿದ್ದರೆ ಸಲ್ಫೇಟು ಅಥವಾ ಸಿಲಿಕದ ಗಟ್ಟಿ ಹಕ್ಕಳೆ ಇರಬಹುದು; ಇದನ್ನು ಬಿಡಿಸುವುದು ಕಷ್ಟ. ಯಾರೋ ಹೇಳಿದರೆಂದು ಆಮ್ಲ ತಂದು ಬಾಯ್ಲರಿಗೆ ಸುರಿಯುವ ಕೆಲಸ ಮಾತ್ರ ಬೇಡ. ಅದು ಹಕ್ಕಳೆಯ ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ.

ಗಡಸುತನಕ್ಕೆ ಮದ್ದು ನೀರು ಮೆದುಗೊಳಿಸುವ ಸಾಫ್ಟನರ್. ಅದರೊಳಗಿನ ರಾಳದ ಮಣಿಗಳು ಸುಣ್ಣವನ್ನು ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಒಂದು ಲೀಟರ್ ರಾಳ ಸುಮಾರು 40 ಗ್ರಾಂ ಗಡಸುತನ ಹಿಡಿಯುತ್ತದೆಂದರೆ, 25 ಲೀಟರ್ ರಾಳ 1,000 ಗ್ರಾಂ ಹಿಡಿದೀತು. ನಮ್ಮ ಲೆಕ್ಕದ ನೀರಿಗೆ ಇದು ಎರಡು ದಿನಕ್ಕೆ ಸ್ವಲ್ಪ ಹೆಚ್ಚು. ಮಾರುವವನು ವಾರಕ್ಕೊಮ್ಮೆ ಉಪ್ಪುನೀರು ಹಾಯಿಸಿದರೆ ಸಾಕೆಂದಿದ್ದರೆ, ಅವನು ನಿಮ್ಮ ಬಾವಿಯ ನೀರನ್ನು ನೋಡಿ ಹೇಳಿದ್ದಲ್ಲ. ಸಾಫ್ಟನರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ಬಾಟಲಿಗೆ ಅದರ ನೀರು, ಇನ್ನೊಂದಕ್ಕೆ ಮಳೆನೀರು ತುಂಬಿ, ಎರಡಕ್ಕೂ ಒಂದೇ ಅಳತೆಯ ಬಾರ್ ಸೋಪಿನ ದ್ರಾವಣ ಹಾಕಿ ಕುಲುಕಬೇಕು. ನೊರೆ ಬಾರದೆ ಮೊಸರಿನಂತೆ ಒಡೆದರೆ ಗಡಸುತನ ಉಳಿದಿದೆ. ಬಟ್ಟೆಪುಡಿ ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಅದು ಈ ಪರೀಕ್ಷೆಗೆ ಬಾರದು.

ಸಾಫ್ಟನರ್ ಹಾಕಿದ ಮೇಲೂ ಗೇಜ್ ಗ್ಲಾಸಿನಲ್ಲಿ ನೀರು ಕುಣಿಯುವುದು, ಹಬೆಯ ಜೊತೆ ನೀರು ಹಾರಿ ತೊಟ್ಟಿಗೆ ಬರುವುದು ಕಂಡರೆ ಹಲವರು ಸಾಫ್ಟನರನ್ನೇ ಬೈಯುತ್ತಾರೆ. ಇದು ಬೇರೆಯೇ ರೋಗ. ಸಾಫ್ಟನರ್ ಲವಣದ ಜಾತಿ ಬದಲಿಸುತ್ತದೆಯೇ ಹೊರತು ಒಟ್ಟು ಲವಣವನ್ನು ತಗ್ಗಿಸುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ಲವಣ ಸಾಂದ್ರವಾಗಿ ನೊರೆಯೇಳುತ್ತದೆ. ಇದಕ್ಕೆ ಬ್ಲೋಡೌನ್ ವಾಲ್ವಿನಿಂದ ನೀರು ಹೊರಬಿಡುವುದೇ ದಾರಿ. ಒಳಬರುವ ನೀರಿನ ಒಟ್ಟು ಲವಣ ಲೀಟರಿಗೆ 1,000 ಮಿಲಿಗ್ರಾಂ ಇದ್ದು, ಬಾಯ್ಲರ್ ತಯಾರಕರು ಕೊಟ್ಟ ಮಿತಿ 3,500 ಎಂದಾದರೆ, 700 ಲೀಟರಿನಲ್ಲಿ 200 ಲೀಟರನ್ನು ಹೊರಬಿಡಲೇಬೇಕು. ಬಿಸಿ ನೀರು ವ್ಯರ್ಥವೆಂದು ವಾಲ್ವ್ ಮುಟ್ಟದಿರುವುದು ಸುಳ್ಳು ಉಳಿತಾಯ. ಆದರೆ ಒಮ್ಮೆಗೇ ಬಿಡದೆ, ನೀರಿನ ಮಟ್ಟ ನೋಡಿಕೊಂಡು ದಿನದಲ್ಲಿ ಹಲವು ಸಲ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಎಣ್ಣೆ, ಸೋಪು ಒಳಸೇರಿದರೂ ನೊರೆ ಬರುವುದುಂಟು.

ಗೇಜ್ ಗ್ಲಾಸಿನ ನೀರು ಕೆಂಪಾಗಿದ್ದರೆ ತುಕ್ಕು ಹಿಡಿಯುತ್ತಿದೆ ಎಂದು ಅರ್ಥ. ತಣ್ಣೀರಿನಲ್ಲಿ ಕರಗಿದ ಆಮ್ಲಜನಕ ಕಬ್ಬಿಣಕ್ಕೆ ಗುಳಿ ಕೊರೆಯುತ್ತದೆ. ಹಬೆ ತಣಿದು ಬರುವ ನೀರನ್ನು ಹಿಂದಕ್ಕೆ ಕೂಡಿಸಿಕೊಂಡು, ಬಾಯ್ಲರಿಗೆ ಹೋಗುವ ಮುಂಚೆಯೇ ನೀರನ್ನು ಬಿಸಿ ಮಾಡಿದರೆ ಬಹುಪಾಲು ಆಮ್ಲಜನಕ ಹೊರಟುಹೋಗುತ್ತದೆ, ಸೌದೆಯೂ ಉಳಿಯುತ್ತದೆ. ಗೂಡು ಬೇಯಿಸಿದ ನೀರನ್ನು ಮಾತ್ರ ಇದಕ್ಕೆ ಸೇರಿಸಕೂಡದು.

ಗ್ಲಾಸಿನಲ್ಲಿ ನೀರೇ ಕಾಣದಾದಾಗ ಗಾಬರಿಯಿಂದ ಪಂಪು ಹಾಕಬಾರದು. ಕೆಂಪಗೆ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಪ್ರಾಣಕ್ಕೆ ಅಪಾಯ. ಉರಿ ತೆಗೆದು, ಜನರನ್ನು ದೂರ ಸರಿಸಿ, ತಾನಾಗಿ ತಣಿಯಲು ಬಿಟ್ಟು, ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. 1923ರ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ನಿಮ್ಮ ಬಾಯ್ಲರ್ ಅದರ ವ್ಯಾಪ್ತಿಗೆ ಬರುವುದೇ ಎಂದು ಕೊಳ್ಳುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಮಳೆನೀರಿಗಿಂತ ಮೆದುವಾದ ನೀರು ನಮಗೆ ಬೇರೆ ಸಿಗದು. 100 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಸೋರಿ ಆರಿ ಹೋಗುವುದನ್ನು ಕಳೆದು 40,000 ಹಿಡಿದರೂ ಸುಮಾರು 57 ದಿನದ ಬಾಯ್ಲರ್ ನೀರಾಯಿತು. ಕೊಳವೆಬಾವಿ ನೀರಿನ ಜೊತೆ ಬೆರೆಸಿದರೆ ಉಪ್ಪಿನ ಖರ್ಚೂ ಹೊರಬಿಡುವ ನೀರೂ ತಗ್ಗುತ್ತವೆ.

ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡೂ ಇದೆ. ಸಾಫ್ಟನರ್ ಅದನ್ನು ತೆಗೆಯುವುದಿಲ್ಲವಾದ್ದರಿಂದ, ಮೆದುವಾಯಿತೆಂದು ಕೆಲಸಗಾರರಿಗೆ ಆ ನೀರನ್ನು ಕುಡಿಯಲು ಕೊಡಬಾರದು. ರಾಳ ತೊಳೆದ ಉಪ್ಪುನೀರನ್ನೂ ಬ್ಲೋಡೌನ್ ನೀರನ್ನೂ ಹಿಪ್ಪುನೇರಳೆ ತೋಟಕ್ಕೆ ಬಿಡದೆ, ಬಾವಿಯಿಂದ ದೂರದಲ್ಲಿ ನೀರು ಇಂಗದಂತೆ ಗಾರೆ ಮಾಡಿದ ಆಳವಿಲ್ಲದ ತೊಟ್ಟಿಯಲ್ಲಿ ಬಿಸಿಲಿಗೆ ಆರಿಸಬೇಕು.